ಹೌದಪ್ಪನ ಬಿದಿರು ಸೈಕಲ್ಲು

ಬಿದಿರು ಕೆಲಸಗಾರರ ಸಂಘದ ಕಾರ್ಯದರ್ಶಿಗೆ ಅಪ್ಪ ಅಮ್ಮ ಇಟ್ಟ ಒಂದು ಹೆಸರು ಇದ್ದೇ ಇತ್ತು. ಆದರೆ ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಹೌದಪ್ಪ ಎಂದು. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಯಾರು ಏನು ಕೇಳಿದರೂ, ಅದರಲ್ಲೂ ಕೇಳಿದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರೆ, ‘ಹೌದು ಸಾರ್’ ಎಂಬ ಮಾತು ಬುದ್ಧಿಗಿಂತ ಮೊದಲು ಅವನ ಬಾಯಿಯಿಂದ ಹೊರಟುಬಿಡುತ್ತಿತ್ತು. ಒಮ್ಮೆ ಕ್ಷೌರದಂಗಡಿಯವನು ಪಕ್ಕದ ಕುರ್ಚಿಯವನನ್ನು ‘ಮೀಸೆ ತೆಗೆದುಬಿಡ್ಲಾ?’ ಎಂದು ಕೇಳಿದಾಗ ಇವನು ಹೌದು ಎಂದು, ಇದ್ದೊಂದು ಮೀಸೆಯನ್ನು ಅಲ್ಲೇ ಬಿಟ್ಟು ಬಂದಿದ್ದ. ಅದು ಮತ್ತೆ ಬೆಳೆಯುವವರೆಗೆ ಹೆಂಡತಿ ಅವನ ಹತ್ತಿರ ಗೋಡೆ ನೋಡಿಕೊಂಡೇ ಮಾತಾಡಿದಳು.

ಸಂಘವೆಂದರೆ ಉದ್ದನೆಯ ಒಂದು ಶೆಡ್ಡು, ಅದರ ಮುಂದೊಂದು ಅಂಗಳ, ಅಂಗಳದ ನಟ್ಟನಡುವೆ ಆಳೆತ್ತರದ ಬಿದಿರಿನ ರಾಶಿ. ಮೂವತ್ತು ಮಂದಿ ಅಲ್ಲಿ ಕೂತು ಬಿದಿರು ಸೀಳಿ ಹಣ್ಣಿನ ಬುಟ್ಟಿ ಹೆಣೆಯುತ್ತಿದ್ದರು. ಅಧ್ಯಕ್ಷೆ ಹೌದಪ್ಪನ ಅಕ್ಕ. ಅವಳು ಹೆಣೆದ ಬುಟ್ಟಿಯ ಮೇಲೆ ಆಳು ಹತ್ತಿ ಕುಣಿದರೂ ಅದು ಜಗ್ಗುತ್ತಿರಲಿಲ್ಲ. ಆಳಿಗೆ ಜಗ್ಗದಿದ್ದದ್ದನ್ನೂ ಹುಳ ಜಗ್ಗಿಸುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಬಿದಿರನ್ನು ಒಳಗಿಂದೊಳಗೇ ಕೊರೆದು ವರ್ಷ ತುಂಬುವುದರೊಳಗೆ ಹಿಟ್ಟು ಮಾಡುತ್ತಿತ್ತು. ಸೀಳಿದ ಬಿದಿರನ್ನು ಔಷಧಿ ಕಲಸಿದ ನೀರಿನಲ್ಲಿ ಹತ್ತು ದಿನ ನೆನೆಸಿಟ್ಟರೆ ಹುಳ ಹತ್ತಿರ ಸುಳಿಯುವುದಿಲ್ಲ. ಆದರೆ ನೆನೆಸಲು ದೊಡ್ಡ ತೊಟ್ಟಿ ಬೇಕು. ಸಂಘದಲ್ಲಿ ಇದ್ದದ್ದು ಕೈ ತೊಳೆಯುವ ಒಂದು ಪ್ಲಾಸ್ಟಿಕ್ ಡ್ರಮ್ಮು.

ತೊಟ್ಟಿಗಾಗಿ ಮೂರು ಸಲ ಅರ್ಜಿ ಹಾಕಿದ್ದಾಯಿತು. ಮೂರು ಸಲವೂ ‘ನಿಮ್ಮ ಅರ್ಜಿಯಲ್ಲಿ ಹೊಸತನ ಕಾಣುತ್ತಿಲ್ಲ’ ಎಂದು ಉತ್ತರ ಬಂತು. ಈ ನಡುವೆ ಹಣ್ಣಿನ ವ್ಯಾಪಾರಿ ಶೆಡ್ಡಿಗೆ ಬಂದು, ಹಳೆಯ ಬುಟ್ಟಿಯೊಂದನ್ನು ಮಗುಚಿ, ಬಿಳಿ ಕರವಸ್ತ್ರದ ಮೇಲೆ ಪುಡಿ ಉದುರಿಸಿ ತೋರಿಸಿದ್ದರು. “ನನ್ನ ಗಿರಾಕಿಗಳು ಇದನ್ನ ಹಣ್ಣಿನ ಜೊತೆ ತಿಂತಾ ಇದಾರೆ. ಮುಂದಿನ ಕೊಯ್ಲಿಗೆ ಪ್ಲಾಸ್ಟಿಕ್ ಕ್ರೇಟು ತರಿಸ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದು ಹೇಳಿ ಹೋಗಿದ್ದರು. ಮೂವತ್ತು ಮಂದಿಯೂ ಬೇಜಾರು ಮಾಡಿಕೊಂಡಿದ್ದರು.

ನಾಲ್ಕನೆಯ ಅರ್ಜಿ ಕಳಿಸಿದ ಮೇಲೆ ಒಂದು ಬೆಳಿಗ್ಗೆ ಕಚೇರಿಯ ಕೋಣೆಯಲ್ಲಿ ಫೋನು ಬಂತು. ಆ ಕಡೆಯಿಂದ ಮಾತಾಡಿದವರು ಅರ್ಜಿಗಳ ಮೇಲೆ ಸಹಿ ಹಾಕುವ ಸಾಹೇಬರೇ.

“ಏನ್ರೀ, ನಾಲ್ಕನೇ ಸಲ ಅರ್ಜಿ ಕಳಿಸಿದ್ದೀರಿ. ಮತ್ತೆ ಬುಟ್ಟಿನೇ. ಬುಟ್ಟಿ ಬಿಟ್ಟು ಹೊಸದೇನಾದ್ರೂ ಮಾಡ್ತೀರಾ ಇಲ್ವಾ?”

ಹೌದಪ್ಪ “ಹೌದು ಸಾರ್” ಎಂದ. ಏನು ಎಂದು ಯೋಚಿಸುವಷ್ಟರಲ್ಲಿ ಹೊರಗಿನಿಂದ ಒಬ್ಬ ಕೆಲಸಗಾರ ಕಿಟಕಿಯಲ್ಲಿ ತಲೆ ಹಾಕಿ, ಪಕ್ಕದೂರಿಗೆ ಕಳಿಸುವ ಬಿದಿರನ್ನು ಗಾಡಿಗೆ ಹಾಕಲೋ ಸೈಕಲ್ಲಿಗೆ ಕಟ್ಟಲೋ ಎಂದು ಕೇಳಿದ. ಹೌದಪ್ಪ ಫೋನನ್ನು ಬಾಯಿಂದ ದೂರ ಹಿಡಿಯುವುದನ್ನು ಮರೆತು, “ಬಿದಿರು ಸೈಕಲ್ಲಿಗೇ” ಎಂದ.

“ಏನಂದ್ರಿ? ಬಿದಿರು ಸೈಕಲ್ಲಾ?”

“ಹೌದು ಸಾರ್.”

“ಬಿದಿರಲ್ಲಿ ಮಾಡಿದ ಸೈಕಲ್ಲು?”

“ಹೌದು ಸಾರ್.”

“ಓಡಿಸಿ ನೋಡಿದ್ದೀರಾ? ಯಾರು, ನೀವೇನಾ?”

“ಹೌದು ಸಾರ್.”

“ಹಾಗಾದ್ರೆ ದಿನಾ ಅದರಲ್ಲೇ ಕಚೇರಿಗೆ ಬರ್ತೀರಿ ಅನ್ನಿ.”

“ಹೌದು ಸಾರ್.”

“ಭಲೇ” ಎಂದು ಸಾಹೇಬರು ಫೋನಿಟ್ಟರು. ಹೌದಪ್ಪನ ಇಡೀ ಉದ್ಯೋಗದಲ್ಲಿ ಯಾವ ಸಾಹೇಬರೂ ಭಲೇ ಎಂದಿರಲಿಲ್ಲ. ಯಾವುದಕ್ಕೆ ಅಂದರು ಎಂಬುದು ಅವನಿಗೆ ಸ್ಪಷ್ಟವಿರಲಿಲ್ಲ. ಆದರೂ ಸಂಜೆಯವರೆಗೆ ಖುಷಿಯಾಗಿದ್ದ.

ವಾರದೊಳಗೆ ಪತ್ರ ಬಂತು. ಅದರ ಭಾಷೆ ಗಟ್ಟಿಯಾಗಿದ್ದರಿಂದ ಹೌದಪ್ಪ ಅದನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹತ್ತಿರ ಒಯ್ದ. ಮೇಷ್ಟ್ರು ಕನ್ನಡಕ ಏರಿಸಿ, ಬೀದಿಗೆಲ್ಲ ಕೇಳುವಂತೆ ಓದಿದರು. ಕಾರ್ಯದರ್ಶಿಗಳು ನಿತ್ಯವೂ ಸವಾರಿ ಮಾಡುವ ಬಿದಿರಿನ ಸೈಕಲ್ಲನ್ನು ಖುದ್ದು ಪರಿಶೀಲಿಸಲು ಮುಂಬರುವ ತಿಂಗಳ ಮೊದಲ ಗುರುವಾರ ಸಾಹೇಬರು ಬರುವವರಿದ್ದಾರೆ. ಕಾರ್ಯದರ್ಶಿಗಳು ಅವರ ಸಮ್ಮುಖದಲ್ಲಿ ಸವಾರಿ ಮಾಡಿ ತೋರಿಸತಕ್ಕದ್ದು. ಅರ್ಜಿಯ ತೀರ್ಮಾನ ಆಮೇಲೆ.

ಬೀದಿಯವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅಂಥದೊಂದು ಸೈಕಲ್ಲು ಬೀದಿಯಲ್ಲಿ ದಿನಾ ಓಡಾಡುತ್ತಿದ್ದರೂ ತಾನು ಗಮನಿಸಲೇ ಇಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಮೊದಲು ಯಾರಿಗೂ ಬರಲಿಲ್ಲ. ಕೊನೆಗೆ ಮೇಷ್ಟ್ರೇ ಗಂಟಲು ಸರಿಮಾಡಿಕೊಂಡರು.

“ನಾನು ದಿನಾ ನೋಡ್ತೀನಲ್ಲ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ಬಿದಿರು ಅಂತ ಗೊತ್ತಿತ್ತು, ಸುಮ್ಮನೆ ಕೇಳಿರಲಿಲ್ಲ.”

ಎದುರು ಮನೆಯ ಟೈಲರು, ತಾನು ಒಂದು ಸಲ ಅದನ್ನು ಮುಟ್ಟಿಯೂ ನೋಡಿದ್ದೇನೆಂದ. ದಿನಸಿ ಅಂಗಡಿಯವಳಿಗೆ ಅದರ ಗಂಟೆಯ ಸದ್ದು ನೆನಪಾಯಿತು, ಮರದ ಗಂಟೆಯ ಹಾಗಿರುತ್ತದಂತೆ. “ಅಲ್ವೇನಪ್ಪಾ?” ಎಂದು ಅವಳು ಕೇಳಿದಳು. ಹೌದಪ್ಪ ಹೌದು ಎಂದ. ಅಂದು ಸಂಜೆಯ ಹೊತ್ತಿಗೆ ಆ ಸೈಕಲ್ಲನ್ನು ನೋಡದವರು ಆ ಬೀದಿಯಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬಳು ಹೌದಪ್ಪನ ಹೆಂಡತಿ, ಇನ್ನೊಬ್ಬಳು ಅವನ ಅಕ್ಕ.

ಅಕ್ಕ ಪತ್ರವನ್ನು ಎರಡು ಸಲ ಓದಿದಳು. ಆಮೇಲೆ ಕೈಯಲ್ಲಿದ್ದ ಸೀಳುಗತ್ತಿಯನ್ನು ಕೆಳಗಿಟ್ಟಳು. ಅದನ್ನು ಹಿಡಿದುಕೊಂಡು ಮಾತಾಡುವುದು ಕ್ಷೇಮವಲ್ಲ ಎನಿಸಿರಬೇಕು.

“ಎಲ್ಲಿದೆಯೋ ಸೈಕಲ್ಲು?”

“ಇಲ್ಲ ಅಕ್ಕ.”

“ಇಲ್ಲ ಅನ್ನೋಕೆ ಬರುತ್ತಲ್ಲ ನಿನಗೆ. ಅವರ ಹತ್ರ ಯಾಕೆ ಬರಲ್ಲ?”

“ಅವರು ಸಾಹೇಬರು.”

“ಹೋಗಲಿ, ಸೈಕಲ್ ಬಿಡೋಕಾದ್ರೂ ಬರುತ್ತಾ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅತ್ತಿಗೆಗೆ ಸಮಾಧಾನ ಹೇಳಲು ಬಂದವಳು, “ಬರದೆ ಏನು ಅತ್ತಿಗೆ, ಇವರು ಮೊದಲನೇ ಸಲ ನಮ್ಮನೆಗೆ ಬಂದಾಗ ಸೈಕಲ್ ತಳ್ಕೊಂಡು ಬಂದಿದ್ರಲ್ಲ. ಪಂಕ್ಚರ್ ಆಗಿದೆ ಅಂದಿದ್ರು” ಎಂದಳು.

“ಪಂಕ್ಚರ್ ಆಗಿರಲಿಲ್ಲ” ಎಂದ ಹೌದಪ್ಪ ನೆಲ ನೋಡುತ್ತ.

ಹೆಂಡತಿ ಇಪ್ಪತ್ತಾರು ವರ್ಷಗಳ ಸಂಸಾರವನ್ನು ಒಮ್ಮೆ ಹಿಂತಿರುಗಿ ನೋಡುವವಳಂತೆ ಗಂಡನನ್ನು ನೋಡಿದಳು. “ಏಳು ಮೈಲಿ ತಳ್ಕೊಂಡು ಬಂದ್ರಾ?”

“ಹೋಗುವಾಗಲೂ.”

ಅಕ್ಕ ಮೊದಲು ನ್ಯಾಯವಾದ ದಾರಿಯನ್ನೇ ಹಿಡಿದಳು. ‘ಸಾರ್, ತಪ್ಪು ತಿಳಿವಳಿಕೆ ಆಗಿದೆ, ನಮ್ಮಲ್ಲಿ ಸೈಕಲ್ ಇಲ್ಲ’ ಎಂದು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತಮ್ಮನ ಕೈಗೆ ಕೊಟ್ಟು, ಫೋನು ಮಾಡಿ ಇದಿಷ್ಟನ್ನು ಓದಿ ಬಾ ಎಂದು ಕೋಣೆಗೆ ಅಟ್ಟಿದಳು. ಹೌದಪ್ಪ ಚೀಟಿಯನ್ನು ಕಣ್ಣೆದುರು ಹಿಡಿದೇ ಫೋನು ಮಾಡಿದ. ಸಾಹೇಬರು ಅವನಿಗೆ ಬಾಯಿ ತೆರೆಯಲು ಬಿಡದೆ, “ನಿಮ್ಮನ್ನೇ ನೆನೆಸ್ಕೊಂಡೆ ಕಣ್ರೀ. ಸೈಕಲ್ಲಲ್ಲಿ ಹಿಂದೆ ಒಬ್ಬರು ಕೂರಬಹುದು ತಾನೇ?” ಎಂದು ಕೇಳಿದರು.

ಐದು ನಿಮಿಷದ ಮೇಲೆ ಅವನು ಹೊರಗೆ ಬಂದ.

“ಹೇಳಿದ್ಯಾ?” ಎಂದಳು ಅಕ್ಕ.

“ಹಿಂದೆ ಒಬ್ಬರು ಕೂರೋ ಹಾಗೆ ಮಾಡಬೇಕು ಅಕ್ಕ.”

ಅಕ್ಕ ಸ್ವಲ್ಪ ಹೊತ್ತು ಶೆಡ್ಡಿನ ಕಡೆ ನೋಡಿದಳು. ಒಳಗೆ ಮೂವತ್ತು ಮಂದಿ ತಲೆ ತಗ್ಗಿಸಿ ಹೆಣೆಯುತ್ತಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಉಳಿದರ್ಧಕ್ಕೆ ಬೇರೆ ಕೆಲಸ ಕೊಡುವವರಿರಲಿಲ್ಲ. ಈ ಸಲ ಅರ್ಜಿ ತಿರುಗಿ ಬಂದರೆ ಐದನೆಯದನ್ನು ಬರೆಯುವ ಅಗತ್ಯವೇ ಇರುವುದಿಲ್ಲ. ಅವಳು ಎದ್ದು ಸೀರೆಯ ಸೆರಗು ಸಿಕ್ಕಿಸಿದಳು.

“ಸೈಕಲ್ ಅಂಗಡಿಯವನನ್ನ ಕರಿ” ಎಂದಳು.

ಸೈಕಲ್ ಅಂಗಡಿಯವನು ಮಿತಭಾಷಿ. ಬಂದ, ವಿಷಯ ಕೇಳಿದ, ರಾಶಿಯಿಂದ ಒಂದು ಬಿದಿರು ಎತ್ತಿ ಮೊಣಕಾಲಿಗೆ ಕೊಟ್ಟು ಬಗ್ಗಿಸಿ ನೋಡಿದ.

“ಚಕ್ರ, ಚೈನು, ಸೀಟು ನಂದು. ಮಿಕ್ಕಿದ್ದು ನಿಮ್ದು” ಎಂದ. “ಮುರಿದ್ರೆ ನಾನಲ್ಲ.”

ಒಳಗೆ ಪೊಳ್ಳಿಲ್ಲದ ಗಟ್ಟಿ ಬಿದಿರನ್ನು ಅಕ್ಕ ಆರಿಸಿದಳು. ಬೆಂಕಿಯ ಮೇಲೆ ಕಾಯಿಸಿ ನೆಟ್ಟಗೆ ಮಾಡಿದಳು, ಸಂದುಗಳಿಗೆ ಅಂಟಿನಲ್ಲಿ ಅದ್ದಿದ ನಾರನ್ನು ಬಿಗಿಯಾಗಿ ಸುತ್ತಿದಳು. ಮೊದಲ ಚೌಕಟ್ಟು ಒಣಗಿದ ಮೇಲೆ ಅದರ ಮೇಲೆ ತಾನೇ ಕೂತಳು. ಅದು ಲಟ್ಟೆಂದು ಮುರಿದು ಅವಳನ್ನು ಕೆಳಗೆ ಕೂರಿಸಿತು. ನಗಬಾರದೆಂದು ಮೂವತ್ತು ಮಂದಿಯೂ ಒಮ್ಮೆಲೇ ಕೆಮ್ಮಿದರು. ಎರಡನೆಯ ಚೌಕಟ್ಟು ಅವಳನ್ನು ತಡೆಯಿತು, ಆದರೆ ಒಂದು ಕಡೆಗೆ ವಾಲಿತು. ಮೂರನೆಯದು ಮಾತ್ರ ಅಕ್ಕನನ್ನೂ, ಅಕ್ಕನ ಜೊತೆಗೆ ಸೈಕಲ್ ಅಂಗಡಿಯವನನ್ನೂ ಹೊತ್ತು ಜಗ್ಗದೆ ನಿಂತಿತು. ಹಿಂದಿನ ಸೀಟಿಗೆ ಅವಳು ಅಂಚು ಕಟ್ಟಿದ ಒಂದು ಅಗಲ ಬುಟ್ಟಿಯನ್ನೇ ಹೆಣೆದು ಕೂರಿಸಿದಳು.

ಇನ್ನು ಉಳಿದದ್ದು ಹೌದಪ್ಪನನ್ನು ಅದರ ಮೇಲೆ ಕೂರಿಸುವುದು. ಐವತ್ತೆರಡರ ವಯಸ್ಸಿನಲ್ಲಿ ಅವನು ಸಂಘದ ಅಂಗಳದಲ್ಲಿ ಸೈಕಲ್ ಕಲಿಯತೊಡಗಿದ. ಬೀದಿಯಲ್ಲಿ ಕಲಿಯುವಂತಿರಲಿಲ್ಲ, ಬೀದಿಯವರು ಅವನು ದಿನಾ ಸವಾರಿ ಮಾಡುವುದನ್ನು ಕಣ್ಣಾರೆ ಕಂಡಿದ್ದರು. ಅಂಗಳದ ನಡುವೆ ಬಿದಿರಿನ ರಾಶಿ ಇದ್ದದ್ದರಿಂದ ಅದನ್ನು ಸುತ್ತಿಯೇ ಕಲಿಯಬೇಕಾಯಿತು. ಮೊದಲ ದಿನ ಎಡಕ್ಕೆ ತಿರುಗಿ ಸುತ್ತಲು ಶುರು ಮಾಡಿದವನು ಎರಡು ವಾರವೂ ಎಡಕ್ಕೇ ಸುತ್ತಿದ. ಹದಿನಾಲ್ಕನೆಯ ದಿನದ ಕೊನೆಗೆ ಅವನಿಗೆ ಬೀಳದೆ ಎಡಕ್ಕೆ ಸುತ್ತುವುದು ಚೆನ್ನಾಗಿ ಬಂತು. ನೇರ ಹೋಗುವುದು, ಬಲಕ್ಕೆ ತಿರುಗುವುದು, ನಿಲ್ಲಿಸುವುದು, ಈ ಮೂರು ಬರಲಿಲ್ಲ.

“ಬ್ರೇಕ್ ಹಿಡಿಯೋದು ಹೇಳಿಕೊಡಲಿಲ್ವಾ?” ಎಂದು ಅಕ್ಕ ಸೈಕಲ್ ಅಂಗಡಿಯವನನ್ನು ಕೇಳಿದಳು.

“ಹೇಳಿಕೊಟ್ಟೆ. ಗೊತ್ತಾಯ್ತಾ ಅಂದೆ. ಹೌದು ಅಂದ್ರು.”

ಗುರುವಾರ ಬಂತು. ಸಾಹೇಬರು ಬಂದರು, ಜೊತೆಗೆ ಫೈಲು ಹಿಡಿದ ಸಹಾಯಕ, ಒಬ್ಬ ಫೋಟೋಗ್ರಾಫರು. ಸಾಹೇಬರು ಬಿಳಿ ಅಂಗಿ, ಕಪ್ಪು ಪ್ಯಾಂಟು ತೊಟ್ಟಿದ್ದ ದುಂಡನೆಯ ಮನುಷ್ಯ. ಬೀದಿಯವರೆಲ್ಲ ಗೇಟಿನಲ್ಲಿ ನೆರೆದರು. ಮೇಷ್ಟ್ರು ಮುಂದೆ ನಿಂತು, ತಾವು ಈ ವಾಹನವನ್ನು ಮೊದಲ ದಿನದಿಂದ ಬಲ್ಲೆವೆಂದು ಸಾಹೇಬರಿಗೆ ತಾವಾಗಿಯೇ ತಿಳಿಸಿದರು. ಅದನ್ನು ಅವರು ಮೊದಲ ಸಲ ನೋಡುತ್ತಿದ್ದದ್ದು ಆಗಷ್ಟೇ. ಆದ್ದರಿಂದ ಕಣ್ಣು ಅಗಲವಾಗದಂತೆ ಬಹಳ ಪ್ರಯಾಸಪಟ್ಟರು.

“ಎಲ್ಲಿ, ಹತ್ತಿ” ಎಂದರು ಸಾಹೇಬರು.

ಹೌದಪ್ಪ ಹತ್ತಿದ. ಸೈಕಲ್ ಅಂಗಡಿಯವನು ಹಿಂದಿನಿಂದ ಯಾರಿಗೂ ಕಾಣದಂತೆ ಒಂದು ತಳ್ಳು ಕೊಟ್ಟ. ಸೈಕಲ್ಲು ಎಡಕ್ಕೆ ತಿರುಗಿ ಬಿದಿರಿನ ರಾಶಿಯ ಹಿಂದೆ ಮರೆಯಾಗಿ, ಆ ಕಡೆಯಿಂದ ಹೊರಬಂದು, ಸಾಹೇಬರ ಮುಂದೆ ಹಾದುಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಸುತ್ತಿಗೂ ತಟ್ಟಿದರು. ನಾಲ್ಕನೆಯ ಸುತ್ತಿನಲ್ಲಿ ಚಪ್ಪಾಳೆ ತೆಳುವಾಯಿತು. ಆರನೆಯ ಸುತ್ತಿನಲ್ಲಿ ಸಾಹೇಬರು, ಇದು ತಮ್ಮ ಪ್ರಶ್ನೆಗಳಿಗಾಗಿ ಮಾಡಿರುವ ವ್ಯವಸ್ಥೆ ಎಂದು ಭಾವಿಸಿ ಕೇಳತೊಡಗಿದರು.

“ಕೂರೋಕೆ ಆರಾಮಾಗಿದೆಯಾ?”

“ಹೌದು ಸಾರ್” ಎನ್ನುತ್ತ ಹೌದಪ್ಪ ರಾಶಿಯ ಹಿಂದೆ ಹೋದ. ಸಾಹೇಬರು ಕಾದರು. ಅವನು ಮತ್ತೆ ಬಂದ.

“ಏರು ದಾರಿಲೂ ಹೀಗೇ ಹೋಗುತ್ತಾ?”

“ಹೌದು ಸಾರ್.”

ಮತ್ತೆ ರಾಶಿ, ಮತ್ತೆ ಕಾಯುವಿಕೆ.

“ಇಳಿಯಲ್ವೇನ್ರೀ?”

“ಹೌದು ಸಾರ್” ಎಂದು ಅವನು ಮುಂದೆ ಹೋದ. ಸಹಾಯಕ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಫೋಟೋಗ್ರಾಫರು ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ತಾನೂ ಸುತ್ತುತ್ತಿದ್ದವನು ತಲೆ ತಿರುಗಿ ಬುಟ್ಟಿಗಳ ಮೇಲೆ ಕೂತ. ಹನ್ನೊಂದನೆಯ ಸುತ್ತಿಗೆ ಅಕ್ಕ ಸೈಕಲ್ ಅಂಗಡಿಯವನ ಕಡೆ ಒಂದು ನೋಟ ಬೀರಿದಳು. ಅವನು ಎರಡು ಹೆಜ್ಜೆ ಮುಂದೆ ಬಂದು, ಹಾದುಹೋಗುತ್ತಿದ್ದ ಬುಟ್ಟಿ ಸೀಟನ್ನು ಹಿಡಿದು ನಿಂತ. ಸೈಕಲ್ಲು ನಿಂತಿತು. ಹೌದಪ್ಪ ಕೆಳಗಿಳಿದು, ಅಭ್ಯಾಸಬಲದಿಂದ ನಡೆದುಕೊಂಡೇ ಇನ್ನೂ ಅರ್ಧ ಸುತ್ತು ಎಡಕ್ಕೆ ಹೋಗಿ ಬಂದ.

ಅಷ್ಟರಲ್ಲಿ ಸಾಹೇಬರ ಮುಖದಲ್ಲಿ ಯಾರೂ ನಿರೀಕ್ಷಿಸದ ಒಂದು ಆಸೆ ಮೂಡಿತ್ತು. “ನಾನೊಂದು ಸಲ ನೋಡ್ಲಾ?” ಎಂದು ಕೇಳಿದರು. ಕೇಳಿದ್ದು ಹೌದಪ್ಪನನ್ನು. ಆದ್ದರಿಂದ ಉತ್ತರದಲ್ಲಿ ಅನುಮಾನವಿರಲಿಲ್ಲ.

ಸಾಹೇಬರು ಹತ್ತಿದರು. ಸಹಾಯಕನನ್ನು ಹಿಂದಿನ ಬುಟ್ಟಿಯಲ್ಲಿ ಕೂರಿಸಿಕೊಂಡರು. ಅವನು ಫೈಲನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ. ಇಬ್ಬರೂ ಗೇಟು ದಾಟಿ, ಬೀದಿಯಲ್ಲಿ ನೇರವಾಗಿ ಹೋಗಿ, ತಿರುವಿನಲ್ಲಿ ಮರೆಯಾದರು. ಹತ್ತು ನಿಮಿಷವಾದರೂ ಬರಲಿಲ್ಲ.

“ಮುರಿದಿದ್ರೆ?” ಎಂದು ಅಕ್ಕ ಮೆಲ್ಲಗೆ ಕೇಳಿದಳು.

“ಮುರಿದಿದ್ರೆ ಇಷ್ಟು ಹೊತ್ತಿಗೆ ಕೇಳಿಸ್ತಿತ್ತು” ಎಂದ ಸೈಕಲ್ ಅಂಗಡಿಯವನು.

ಇಪ್ಪತ್ತು ನಿಮಿಷಕ್ಕೆ ಸಾಹೇಬರು ಹಿಂತಿರುಗಿದರು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು, ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಕೆರೆಯ ದಂಡೆಯವರೆಗೆ ಹೋಗಿದ್ದರಂತೆ. ಅಲ್ಲಿ ಸಹಾಯಕನಿಂದ ಮೊಬೈಲಿನಲ್ಲಿ ಫೋಟೋ ತೆಗೆಸಿ ಮೇಲಿನವರಿಗೆ ಕಳಿಸಿಯೂ ಆಗಿತ್ತು. ಮೇಲಿನವರು ಅದನ್ನು ತಮ್ಮ ಮೇಲಿನವರಿಗೆ ಕಳಿಸಿ, ‘ಇದು ನಮ್ಮ ಇಲಾಖೆಯ ಸೈಕಲ್ಲು’ ಎಂದು ಬರೆದಿದ್ದರು. ಸಾಹೇಬರು ಇಳಿದು ಹ್ಯಾಂಡಲನ್ನು ಮಗುವಿನ ತಲೆ ಸವರುವಂತೆ ಸವರಿದರು. ಆಮೇಲೆ ತಮ್ಮ ಪ್ಯಾಂಟಿನ ಕಡೆ ನೋಡಿಕೊಂಡರು. ಕಪ್ಪು ಪ್ಯಾಂಟಿನ ಮೊಣಕಾಲಿನ ಮೇಲೆ ಹಳದಿ ಹಿಟ್ಟಿನಂಥದೊಂದು ಉದುರಿ ಸಾಲುಗಟ್ಟಿತ್ತು.

ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಇದೇನ್ರೀ, ಹುಳದ ಪುಡಿನಾ?”

“ಹೌದು ಸಾರ್” ಎಂದ ಹೌದಪ್ಪ.

“ಇಷ್ಟು ಗಟ್ಟಿ ಬಿದಿರಿಗೂ ಹುಳ ಹಿಡಿಯುತ್ತಾ?”

“ಹೌದು ಸಾರ್.”

“ಹಾಗಾದ್ರೆ ಇನ್ನೊಂದು ವರ್ಷಕ್ಕೆ ಈ ಸೈಕಲ್ಲು ಪುಡಿ ಪುಡಿ?”

“ಹೌದು ಸಾರ್.”

ಸಾಹೇಬರು ತಮ್ಮ ಫೋನಿನಲ್ಲಿದ್ದ ಫೋಟೋವನ್ನು ನೋಡಿದರು. ಅದರಲ್ಲಿ ಅವರು ನಗುತ್ತಿದ್ದರು. ಈಗ ನಗುತ್ತಿರಲಿಲ್ಲ. “ಮೇಲಿನವರು ಮುಂದಿನ ವರ್ಷ ಬಂದು, ಎಲ್ಲಿ ಆ ಸೈಕಲ್ಲು ಅಂದ್ರೆ ನಾನು ಹಿಟ್ಟು ತೋರಿಸಬೇಕಾ?”

“ಹೌದು ಸಾರ್.”

ಹೌದಪ್ಪ ತನ್ನ ಜೀವಮಾನದಲ್ಲಿ ಸಾಲಾಗಿ ಇಷ್ಟೊಂದು ಸಲ ನಿಜ ಹೇಳಿದ್ದು ಅದೇ ಮೊದಲು. ಅದು ಅವನ ಗಮನಕ್ಕೆ ಬಂದಂತೆ ಕಾಣಲಿಲ್ಲ. ಬಂದದ್ದು ಅಕ್ಕನ ಗಮನಕ್ಕೆ. ಅವಳು ಮುಂದೆ ಬಂದಳು.

“ಔಷಧಿ ನೀರಿನ ತೊಟ್ಟಿ ಒಂದಿದ್ರೆ ಹುಳ ಹಿಡಿಯಲ್ಲ ಸಾರ್. ಅದಕ್ಕೇ ನಾಲ್ಕು ಸಲ ಬರೆದಿದ್ದು. ಸೈಕಲ್ಲಿರಲಿ ಬುಟ್ಟಿಯಿರಲಿ, ಹುಳಕ್ಕೆ ಎರಡೂ ಒಂದೇ. ನಮ್ಮ ಬುಟ್ಟಿ ಹುಳ ತಿಂದ್ರೆ ಯಾರೂ ಫೋಟೋ ತೆಗೆಯಲ್ಲ, ಮೂವತ್ತು ಜನ ಸುಮ್ಮನೆ ಮನೆಗೆ ಹೋಗ್ತೀವಿ.”

ಸಾಹೇಬರು ಶೆಡ್ಡಿನ ಒಳಗೆ ಒಂದು ಸಲ ನೋಡಿದರು. ಅಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. “ಬರ್ಕೊಳ್ರೀ, ಬಿದಿರು ನೆನೆಸೋ ತೊಟ್ಟಿ” ಎಂದು ಅವರು ಸಹಾಯಕನಿಗೆ ಹೇಳಿದರು. ಸಹಾಯಕ ಅಷ್ಟು ಹೊತ್ತಿಗೆ ಕಣ್ಣು ತೆರೆದಿದ್ದ, ಫೈಲನ್ನೂ ತೆರೆದ.

“ಬುಟ್ಟಿ ಸಂಘಕ್ಕೆ ತೊಟ್ಟಿ ಕೊಡೋಕೆ ನಿಯಮದಲ್ಲಿ ಜಾಗ ಇಲ್ಲ ಸಾರ್. ಸೈಕಲ್ ಸಂಘಕ್ಕಾದ್ರೆ ತೊಳೆಯೋ ತೊಟ್ಟಿ ಅಂತ ಒಂದಿದೆ.”

“ಅದನ್ನೇ ಹಾಕಿ.”

ಸಹಾಯಕ ಪೆನ್ನು ಹಿಡಿದು ಹೌದಪ್ಪನ ಕಡೆ ತಿರುಗಿದ. “ಸೈಕಲ್ ತೊಳೆಯೋಕೆ ಇಪ್ಪತ್ತಡಿ ಉದ್ದ ಬೇಕಾ?”

“ಹೌದು ಸಾರ್.”

“ತೊಳೆಯೋಕೆ ಹತ್ತು ದಿನ ಹಿಡಿಯುತ್ತಾ?”

“ಹೌದು ಸಾರ್.”

ಸಹಾಯಕ ಮುಖದಲ್ಲಿ ಯಾವ ಭಾವವೂ ಇಲ್ಲದೆ ಬರೆದುಕೊಂಡ.

ಎರಡೂವರೆ ತಿಂಗಳಲ್ಲಿ ತೊಟ್ಟಿ ಕಟ್ಟಿ ಮುಗಿಯಿತು. ಅದರ ಗೋಡೆಯ ಮೇಲೆ ‘ಬಿದಿರು ಸೈಕಲ್ ತೊಳೆಯುವ ತೊಟ್ಟಿ’ ಎಂದು ನೀಲಿ ಬಣ್ಣದಲ್ಲಿ ಬರೆಸಲಾಯಿತು. ಮೇಷ್ಟ್ರು ಬಂದು ಕಾಗುಣಿತ ಪರೀಕ್ಷಿಸಿ ಸರಿಯಿದೆ ಎಂದರು. ಅಕ್ಕ ಸೀಳಿದ ಬಿದಿರನ್ನು ಹೊರೆ ಹೊರೆಯಾಗಿ ಅದರಲ್ಲಿ ಇಳಿಸಿದಳು. ಕೊಯ್ಲಿಗೆ ಮುಂಚೆ ಹಣ್ಣಿನ ವ್ಯಾಪಾರಿ ಬಂದು, ಮೊದಲ ಸರದಿಯ ಬುಟ್ಟಿಯೊಂದನ್ನು ಮಗುಚಿ, ಕರವಸ್ತ್ರದ ಮೇಲೆ ಬಡಿದು ಬಡಿದು ನೋಡಿದರು. ಏನೂ ಉದುರಲಿಲ್ಲ. ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟು, “ಕ್ರೇಟಿನವನಿಗೆ ಬೇಡ ಅಂತ ಹೇಳ್ತೀನಿ” ಎಂದರು. ಅಂದು ಶೆಡ್ಡಿನಲ್ಲಿ ಎಲ್ಲರೂ ಊಟಕ್ಕೆ ಏಳುವುದನ್ನು ಮರೆತು ಹೆಣೆದರು.

ವರ್ಷ ಕಳೆದ ಮೇಲೆ ಲೆಕ್ಕಪರಿಶೋಧನೆಯ ಇಬ್ಬರು ಹೊಸ ಅಧಿಕಾರಿಗಳು ಬಂದರು. ಗೋಡೆಯ ಮೇಲಿನ ಬರಹ ಓದಿದರು, ತೊಟ್ಟಿಯೊಳಗೆ ಬಗ್ಗಿ ನೋಡಿದರು. ಒಳಗೆ ಸಾವಿರಾರು ಬಿದಿರಿನ ಸೀಳುಗಳು ಔಷಧಿ ನೀರಿನಲ್ಲಿ ಮುಳುಗಿದ್ದವು. ಅವರಲ್ಲಿ ಹಿರಿಯರು ಬಹಳ ಹೊತ್ತು ಯೋಚಿಸಿ ಹೌದಪ್ಪನನ್ನು ಕೇಳಿದರು.

“ಇವೆಲ್ಲ ಬಿಚ್ಚಿಟ್ಟ ಸೈಕಲ್ಲುಗಳಾ?”

ಪಕ್ಕದಲ್ಲೇ ಕೂತು ಬುಟ್ಟಿಯ ಅಂಚು ಕಟ್ಟುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ಕೈಯನ್ನು ಮಾತ್ರ ಒಂದು ಕ್ಷಣ ನಿಲ್ಲಿಸಿದಳು.

“ಹೌದು ಸಾರ್” ಎಂದ ಹೌದಪ್ಪ.

ಅವರು ಸೀಳುಗಳನ್ನು ಸುಮಾರಾಗಿ ಎಣಿಸಿ, ಒಂದು ಸೈಕಲ್ಲಿಗೆ ಇಷ್ಟು ಎಂದು ಭಾಗಿಸಿ, ತಪಾಸಣೆಯ ವೇಳೆ ನಾನೂರ ಹದಿನಾರು ಸೈಕಲ್ಲುಗಳು ತೊಳೆಯುವ ಹಂತದಲ್ಲಿದ್ದವು ಎಂದು ವರದಿ ಬರೆದು ಸಹಿ ಹಾಕಿದರು.